ಟುರಿನ್‌ನ ಪಿಯಾಝಾ ಕಾಸ್ಟೆಲ್ಲೊ: ಹೊರಗಿಂದ ನೋಡಿ ಮಾರ್ಕ್ಸ್ ಕೊಡ್ಬೇಡಿ

ಇಟಲಿಯ ಟುರಿನ್ ಊರಿನ ಪಿಯಾಝಾ ಕಾಸ್ಟೆಲ್ಲೊ ಚೌಕಕ್ಕೆ ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್. ಆದ್ರೆ ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಚೌಕದ ಮಧ್ಯ ನಿಂತು ಸುತ್ತ ಒಂದು ರೌಂಡ್ ಫೋಟೊ ತಕ್ಕೊಂಡು ಹೊರಟುಬಿಡೋರಿಗೆ ಇದು ಮೂರು ಸ್ಟಾರ್ ಜಾಗ ಅಷ್ಟೆ, ಅವರ ರಿವ್ಯೂಗಳನ್ನ ಓದಿದ್ರೆ ಅದೇ ಬರೆದಿರ್ತಾರೆ, "ದೊಡ್ಡ ಚೌಕ, ನೀಟಾಗಿದೆ, ಅರ್ಧ ಗಂಟೆ ಸಾಕು" ಅಂತ. ಅದನ್ನ ಓದಿದಾಗ್ಲೆಲ್ಲ ನಂಗೆ ಹೊಟ್ಟೆ ಉರಿಯತ್ತೆ, ಯಾಕಂದ್ರೆ ಈ ಚೌಕದಲ್ಲಿ ಕಟ್ಟಡದ ಮುಖ ನೋಡಿ ಒಳಗೇನಿದೆ ಅಂತ ಊಹೆ ಮಾಡೋಕೇ ಆಗಲ್ಲ. ಮುಂಭಾಗ ಒಂದು ಕಥೆ ಹೇಳತ್ತೆ, ಬಾಗಿಲು ದಾಟಿದ್ರೆ ಪೂರ್ತಿ ಬೇರೆ ಕಥೆ. ಅರ್ಧ ಗಂಟೆ ಅಲ್ಲ, ಒಂದು ಪೂರ್ತಿ ದಿನ ಇಟ್ಕೊಂಡ್ರೂ ಏನೋ ಒಂದು ಬಿಟ್ಟುಹೋಗತ್ತೆ.

ಇದು ಯಾಕೆ ಹೀಗೆ ಅಂತ ಸ್ವಲ್ಪ ಹಿನ್ನೆಲೆ ಗೊತ್ತಿದ್ರೆ ನೋಡೋದು ಸುಲಭ. 1563ರಲ್ಲಿ ಸವೋಯ್ ವಂಶದ ಡ್ಯೂಕ್ ಎಮಾನ್ಯುಯೆಲೆ ಫಿಲಿಬೆರ್ಟೊ ತನ್ನ ರಾಜಧಾನಿನ ಆಲ್ಪ್ಸ್ ಆಚೆಯ ಶಾಂಬೆರಿಯಿಂದ ಟುರಿನ್‌ಗೆ ತಂದ. ಆಗ ಇದು ಸಣ್ಣ ಕೋಟೆ ಊರು. ಆಮೇಲೆ ಅವನ ಮಗ ಕಾರ್ಲೊ ಎಮಾನ್ಯುಯೆಲೆ, ರಾಜಧಾನಿ ಅಂದ್ಮೇಲೆ ಹಾಗೇ ಕಾಣ್ಬೇಕಲ್ವಾ ಅಂತ 1584ರಲ್ಲಿ ಅಸ್ಕಾನಿಯೊ ವಿತ್ತೊಜ್ಜಿ ಅನ್ನೋ ಆರ್ಕಿಟೆಕ್ಟ್‌ನ ಕರೆಸಿದ. ವಿತ್ತೊಜ್ಜಿ ಹಾಕಿದ ಪ್ಲಾನ್ ಏನಂದ್ರೆ ಚೌಕದ ಸುತ್ತ ಇರೋ ಎಲ್ಲ ಕಟ್ಟಡಗಳ ಮುಂಭಾಗ ಒಂದೇ ಥರ ಇರ್ಬೇಕು, ಕೆಳಗೆ ಕಮಾನುಗಳ ಪಡಸಾಲೆ, ಮೇಲೆ ಒಂದೇ ಸಾಲಲ್ಲಿ ಕಿಟಕಿ, ಒಂದೇ ಎತ್ತರ, ಹಿಂದೆ ಅಂಗಡಿ ಇರ್ಲಿ ಆಫೀಸ್ ಇರ್ಲಿ ಥಿಯೇಟರ್ ಇರ್ಲಿ ಹೊರಗೆ ಮಾತ್ರ ಯಾರೂ ಮೆರೆಯೋ ಹಾಗಿಲ್ಲ. ನಾನೂರು ವರ್ಷದ ಮೇಲಾಯ್ತು, ಇವತ್ತಿಗೂ ಆ ಶಿಸ್ತು ಕಣ್ಣಿಗೆ ಕಾಣತ್ತೆ. ಮೊದಲ ನೋಟಕ್ಕೆ ಸ್ವಲ್ಪ ಸಪ್ಪೆ ಅನ್ಸೋದೂ ಇದ್ರಿಂದ್ಲೇ. ನನ್ನ ಪ್ರಕಾರ ಇದೇ ಈ ಜಾಗದ ದೊಡ್ಡ ಗುಣ, ಯಾಕಂದ್ರೆ ಹೊರಗೆ ಮೆರೆಯೋಕೆ ಬಿಡದೇ ಇದ್ದಾಗ ಒಳ್ಳೆ ಆರ್ಕಿಟೆಕ್ಟ್‌ಗಳು ತಮ್ಮ ಶಕ್ತಿ ಪೂರ್ತಿ ಒಳಗಡೆ ಸುರಿದಿದಾರೆ.

ಈ ರೂಲ್ ತಪ್ಪಿಸಿಕೊಂಡಿರೋದು ನಡುಮಧ್ಯೆ ನಿಂತಿರೋ ಪಲಾಝೊ ಮದಾಮಾ. ಪಶ್ಚಿಮದ ಕಡೆಯಿಂದ ನೋಡಿದ್ರೆ ಬಿಳಿ ಕಲ್ಲಿನ ಭರ್ಜರಿ ಬರೋಕ್ (17-18ನೇ ಶತಮಾನದ ಆಡಂಬರದ ಶೈಲಿ) ಅರಮನೆ, ದೊಡ್ಡ ದೊಡ್ಡ ಕಿಟಕಿ, ಕಂಬ, ಮೇಲೆ ಸಾಲಾಗಿ ಶಿಲ್ಪಗಳು. ಹಾಗೇ ಸುತ್ತು ಹಾಕ್ಕೊಂಡು ಹಿಂದಕ್ಕೆ ಹೋಗಿ, ಅಲ್ಲಿ ಇಟ್ಟಿಗೆ ಗೋಪುರಗಳ ಮಧ್ಯಕಾಲದ ಕೋಟೆ ನಿಂತಿರತ್ತೆ! ಎರಡೂ ಒಂದೇ ಕಟ್ಟಡ. ಇನ್ನೂ ಆಳಕ್ಕೆ ಹೋದ್ರೆ ಇದು ಶುರುವಾಗಿದ್ದು ರೋಮನ್ನರ ಕಾಲದಲ್ಲಿ, ಅವರ ಪಟ್ಟಣಕ್ಕೆ ಇದ್ದ ಪೂರ್ವದ ಹೆಬ್ಬಾಗಿಲು ಇದೇ ಜಾಗ, ಆ ಬಾಗಿಲ ಅಕ್ಕಪಕ್ಕದ 16 ಮುಖದ ಎರಡು ಗೋಪುರಗಳು ಈಗ್ಲೂ ಕಟ್ಟಡದ ಒಳಗೇ ಸೇರ್ಕೊಂಡಿವೆ. ಹೆಬ್ಬಾಗಿಲು ಕೋಟೆ ಆಯ್ತು, ಕೋಟೆ ದೊಡ್ಡದಾಗಿ ಕಾಸ್ಟೆಲ್ಲೊ, ಅಂದ್ರೆ ಕೋಟೆ-ಅರಮನೆ, ಆಯ್ತು, 17ನೇ ಶತಮಾನದಲ್ಲಿ ಗಂಡ ತೀರ್ಕೊಂಡು ಮಗನ ಪರವಾಗಿ ರಾಜ್ಯ ನಡೆಸ್ತಿದ್ದ ಫ್ರಾನ್ಸ್‌ನ ಕ್ರಿಸ್ಟೀನ್ ಇದನ್ನ ಮನೆ ಮಾಡ್ಕೊಂಡ್ಳು, ಅವಳ ನಂತರ ಅವಳ ಸೊಸೆ ಮರಿಯಾ ಜೊವಾನ್ನಾ ಬತ್ತಿಸ್ತಾ. ಮದಾಮಾ ಅಂತ ಕರೆಸಿಕೊಳ್ತಿದ್ದ ಈ ಇಬ್ಬರು ಡಚೆಸ್‌ಗಳಿಂದಲೇ ಕಟ್ಟಡಕ್ಕೆ ಆ ಹೆಸರು ಬಂತು.

ಆ ಬಿಳಿ ಮುಂಭಾಗ ಕಟ್ಟಿಸಿದ್ದು ಈ ಸೊಸೆ, ಕಟ್ಟಿದ್ದು ಫಿಲಿಪ್ಪೊ ಯುವಾರಾ, 1718ರಿಂದ 1721ರ ಒಳಗೆ. ಯುವಾರಾ ಸಿಸಿಲಿಯ ಮೆಸ್ಸಿನಾ ಊರಿನವನು, ರಾಜ ಎರಡನೇ ವಿತ್ತೋರಿಯೊ ಅಮೆದೆಯೊ ಅವನನ್ನ 1714ರಲ್ಲಿ ಟುರಿನ್‌ಗೆ ಕರ್ಕೊಂಡು ಬಂದ. ಯುವಾರಾ ಲೆಕ್ಕದಲ್ಲಿ ಪೂರ್ತಿ ಕೋಟೆಗೆ ಹೀಗೇ ಹೊಸ ರೂಪ ಬರ್ಬೇಕಿತ್ತು, ಆದ್ರೆ ಆಗಿದ್ದು ಈ ಒಂದು ಕಡೆ ಮಾತ್ರ. ಕೆಲವರು ಇದನ್ನ ಅರ್ಧಕ್ಕೆ ನಿಂತ ಕೆಲಸ ಅಂತ ಬೇಜಾರು ಮಾಡ್ಕೋತಾರೆ, ನಾನು ಒಪ್ಪಲ್ಲ, ಪೂರ್ತಿ ಆಗಿದ್ದಿದ್ರೆ ರೋಮನ್ ಕಾಲದಿಂದ ಬರೋಕ್ ತನಕ ಒಂದೇ ಸುತ್ತಲ್ಲಿ ನೋಡೋ ಅವಕಾಶವೇ ಹೋಗ್ತಿತ್ತು.

ಒಳಗೆ ಕಾಲಿಟ್ಟ ತಕ್ಷಣ ಏನು ಸಿಗತ್ತೆ ಗೊತ್ತಾ, ರೂಮಲ್ಲ, ದರ್ಬಾರ್ ಹಾಲಲ್ಲ, ಮೆಟ್ಟಿಲು. ಅಷ್ಟು ದೊಡ್ಡ ಮುಂಭಾಗದ ಹಿಂದೆ ಇರೋದು ಬರೀ ಎಡಕ್ಕೊಂದು ಬಲಕ್ಕೊಂದು ಏರೋ ಮೆಟ್ಟಿಲ ಸಾಲು, ಮತ್ತೆ ಬೆಳಕು. ಹೊರಗಿಂದ ನೋಡಿದ ಆ ಎತ್ತರದ ಕಿಟಕಿಗಳು ಯಾಕೆ ಅಷ್ಟು ದೊಡ್ಡದು ಅಂತ ಇಲ್ಲಿ ಅರ್ಥ ಆಗತ್ತೆ, ಬಿಸಿಲು ನೇರ ಕಲ್ಲಿನ ಹೂಬಳ್ಳಿ ಕೆತ್ತನೆ ಮೇಲೆ ಬೀಳತ್ತೆ, ಮೇಲಕ್ಕೆ ಹತ್ತೋರು ಇಳಿಯೋರು ಎಲ್ಲಾ ಒಂದು ಮೆರವಣಿಗೆಯಲ್ಲಿರೋ ಥರ ಕಾಣ್ತಾರೆ. ಮಧ್ಯಾಹ್ನದ ಮೇಲೆ ಹೋಗಿ, ಮುಖ ಪಶ್ಚಿಮಕ್ಕಿರೋದ್ರಿಂದ ಬೆಳಕು ಆಗ ಚೆನ್ನಾಗಿ ಬರತ್ತೆ. ಮ್ಯೂಸಿಯಂ 1934ರಿಂದ ಇದೆ, ಪ್ರಾಚೀನ ಕಲೆಯ ಸಂಗ್ರಹ, ಎಲ್ಲ ನೋಡೋಕೆ ಟೈಮ್ ಇಲ್ಲ ಅಂದ್ರೆ ಎರಡು ಮಾತ್ರ ತಪ್ಪಿಸ್ಬೇಡಿ. ಒಂದು, ಅಂತೊನೆಲ್ಲೊ ದಾ ಮೆಸ್ಸಿನಾ 1476ರಲ್ಲಿ ಬರೆದ ಒಬ್ಬ ಗಂಡಸಿನ ಭಾವಚಿತ್ರ, ಸಣ್ಣದು, ಆದ್ರೆ ಅವನ ಆ ಓರೆನೋಟ ನಿಮ್ಮನ್ನ ಹಿಡಿದು ನಿಲ್ಲಿಸತ್ತೆ. ಇನ್ನೊಂದು, ನೆಲಮಹಡಿಯ ಮಧ್ಯಕಾಲದ ಅಂಗಳ, ಅಲ್ಲಿ ಗಾಜಿನ ನೆಲದ ಕೆಳಗೆ ರೋಮನ್ನರ ಕಾಲದ ಅವಶೇಷ ಕಾಣತ್ತೆ. ಗೋಪುರದ ಮೇಲಕ್ಕೂ ಹೋಗಬಹುದು, ಮೋಡ ಇಲ್ಲದ ದಿನ ಆಲ್ಪ್ಸ್ ಕಾಣತ್ತೆ. 1848ರಿಂದ ಇದೇ ಕಟ್ಟಡದಲ್ಲಿ ಸವೋಯ್ ರಾಜ್ಯದ ಪಾರ್ಲಿಮೆಂಟ್‌ನ ಮೇಲ್ಮನೆ, ಅಂದ್ರೆ ಸೆನೆಟ್ ಕೂಡ ಕೂತಿತ್ತು, ಇಟಲಿ ಒಂದಾದ ಮೇಲೂ ಕೆಲವು ವರ್ಷ.

ಇನ್ನು ನಾನು ಈ ರಿವ್ಯೂ ಬರೆಯೋಕೆ ಮುಖ್ಯ ಕಾರಣ ಸಾನ್ ಲೊರೆಂಝೊ ಚರ್ಚ್.

ಚೌಕದ ಒಂದು ಮೂಲೆಯಲ್ಲಿ ಸವೋಯ್ ರಾಜರ ಅರಮನೆ ಗೇಟ್ ಪಕ್ಕದಲ್ಲೇ ಇದೆ, ಆದ್ರೂ ಜನ ಅದರ ಮುಂದೇನೇ ನಿಂತ್ಕೊಂಡು ಚರ್ಚ್ ಎಲ್ಲಿ ಅಂತ ಮ್ಯಾಪ್ ನೋಡ್ತಿರ್ತಾರೆ. ಅವರ ತಪ್ಪೇನಿಲ್ಲ, ಚರ್ಚ್‌ಗೆ ಅಂತ ಮುಂಭಾಗವೇ ಇಲ್ಲ, ಸಾಲಲ್ಲಿರೋ ಬೇರೆ ಕಟ್ಟಡದ ಹಾಗೆ ಕಿಟಕಿಗಳ ಗೋಡೆ, ಒಂದು ಬಾಗಿಲು, ಅಷ್ಟೆ, ಚೌಕದ ಒಂದೇ ರೂಪ ಕೆಡಬಾರದು ಅಂತ ಹಾಗೇ ಉಳಿಸಿದಾರೆ. ತಲೆ ಎತ್ತಿ ನೋಡಿದ್ರೆ ಮಾತ್ರ ಛಾವಣಿ ಮೇಲೆ ಒಂದು ವಿಚಿತ್ರ ಆಕಾರದ ಗುಮ್ಮಟ ಕಾಣತ್ತೆ. ನಾನು ಸೇರ್ಕೊಂಡಿದ್ದ ಒಂದು ವಾಕಿಂಗ್ ಟೂರ್‌ನ ಗೈಡ್ ಕೂಡ "ಇಲ್ಲೊಂದು ಚರ್ಚ್ ಇದೆ" ಅಂತ ಕೈ ತೋರಿಸಿ ಚಾಕೊಲೇಟ್ ಅಂಗಡಿ ಕಡೆ ನಡೆದುಬಿಟ್ರು. ದಯವಿಟ್ಟು ಹಾಗೆ ಮಾಡ್ಬೇಡಿ.

ಒಳಗೆ ಹೋದ್ರೆ ಮೊದ್ಲು ಸಣ್ಣ ಕತ್ತಲೆ ಜಾಗ, ಅದನ್ನ ದಾಟಿದ್ರೆ ಅಷ್ಟಕೋನದ ಒಳಾಂಗಣ, ಗೋಡೆಗಳು ನೇರ ಇಲ್ಲ, ಒಳಕ್ಕೆ ಉಬ್ಬಿಕೊಂಡು ಅಲೆ ಥರ ಬರ್ತವೆ, ಬಣ್ಣ ಬಣ್ಣದ ಅಮೃತಶಿಲೆ, ಕಣ್ಣು ಎಲ್ಲಿ ನಿಲ್ಲಿಸೋದು ಗೊತ್ತಾಗಲ್ಲ. ಆಮೇಲೆ ಮೇಲೆ ನೋಡಿ. ಗುಮ್ಮಟ ಅಂದ್ರೆ ತುಂಬಿಕೊಂಡಿರೋ ಅರ್ಧಗೋಳ ಅಂತ ತಾನೇ ನಾವು ಅಂದ್ಕೊಳ್ಳೋದು, ಇಲ್ಲಿ ಕಮಾನುಪಟ್ಟಿಗಳು ಬುಟ್ಟಿ ಹೆಣೆದ ಹಾಗೆ ಒಂದರ ಮೇಲೊಂದು ಹಾದುಹೋಗಿ ಎಂಟು ಮೂಲೆಯ ನಕ್ಷತ್ರ ಮಾಡಿವೆ, ನಡುವಿನ ಸಂದುಗಳಿಂದ ಬೆಳಕು ಒಳಗೆ ಬರತ್ತೆ. ಕಟ್ಟಿದೋನು ಭಾರ ಹೊರೋ ಭಾಗ ಮಾತ್ರ ಉಳಿಸ್ಕೊಂಡು ಮಿಕ್ಕ ಕಡೆ ಬೆಳಕು ಬಿಟ್ಟಿದಾನೆ. ಮಧ್ಯದಲ್ಲಿ ಮತ್ತೆ ಇನ್ನೊಂದು ಗೂಡು ಮೇಲೇರತ್ತೆ. ನೋಡ್ತಾ ನಿಂತ್ರೆ ಇಷ್ಟು ಭಾರ ಯಾವುದರ ಮೇಲೆ ನಿಂತಿದೆ ಅಂತ ಲೆಕ್ಕ ಹಾಕೋಕೆ ಹೋಗಿ ಸೋತುಹೋಗ್ತೀವಿ.

ಇದನ್ನ ಕಟ್ಟಿದೋನು ಗ್ವಾರಿನೊ ಗ್ವಾರಿನಿ, ಮೊದೆನಾದಲ್ಲಿ 1624ರಲ್ಲಿ ಹುಟ್ಟಿದ ತಿಯಾಟೈನ್ ಪಂಥದ ಪಾದ್ರಿ, ಜೊತೆಗೆ ಗಣಿತ ಪಾಠ ಮಾಡ್ತಿದ್ದೋನು. ಆ ಗುಮ್ಮಟ ನೋಡಿದ್ರೆ ಇದು ಗಣಿತ ಗೊತ್ತಿರೋನ ಕೆಲಸ ಅಂತ ಯಾರಿಗಾದ್ರೂ ಅನ್ಸತ್ತೆ. 1668ರಲ್ಲಿ ಕೆಲಸ ಹಿಡಿದ, 1680ರಲ್ಲಿ ಚರ್ಚ್ ತೆರೆದಾಗ ಮೊದಲ ಪೂಜೆ ಮಾಡಿದ್ದೂ ಗ್ವಾರಿನೀನೇ! ತಾನೇ ಪ್ಲಾನ್ ಹಾಕಿದ ಗುಮ್ಮಟದ ಕೆಳಗೆ ತಾನೇ ಪೂಜೆಗೆ ನಿಲ್ಲೋ ಭಾಗ್ಯ ಎಷ್ಟು ಜನ ಆರ್ಕಿಟೆಕ್ಟ್‌ಗಳಿಗೆ ಸಿಕ್ಕಿದೆ ಹೇಳಿ. ಚರ್ಚ್‌ಗೆ ಕಾರಣ ಒಂದು ಹರಕೆ, 1557ರ ಆಗಸ್ಟ್ 10ರಂದು ಸಂತ ಲಾರೆನ್ಸ್ (ಇಟಾಲಿಯನ್‌ನಲ್ಲಿ ಲೊರೆಂಝೊ) ಹಬ್ಬದ ದಿನ ಎಮಾನ್ಯುಯೆಲೆ ಫಿಲಿಬೆರ್ಟೊ ಸ್ಪೇನ್ ಸೈನ್ಯ ನಡೆಸಿ ಸಾಂ ಕ್ವೆಂತಾ ಯುದ್ಧದಲ್ಲಿ ಫ್ರೆಂಚರನ್ನ ಸೋಲಿಸಿದ್ದ. ಹರಕೆ ತೀರೋಕೆ ನೂರು ವರ್ಷದ ಮೇಲೆ ಹಿಡೀತು. ಪ್ರವೇಶಕ್ಕೆ ದುಡ್ಡಿಲ್ಲ, ಪ್ರಾರ್ಥನೆ ನಡೀವಾಗ ಓಡಾಡ್ಬೇಡಿ, ಬೆಂಚಲ್ಲಿ ಕೂತ್ಕೊಂಡು ಕುತ್ತಿಗೆ ನೋಯೋ ತನಕ ಮೇಲೆ ನೋಡಿ. ಯುರೋಪಲ್ಲಿ ದುಡ್ಡು ಕೊಡದೆ ನೋಡಬಹುದಾದ ಒಳಾಂಗಣಗಳಲ್ಲಿ ನಾನು ಇದನ್ನೇ ಎಲ್ಲಕ್ಕಿಂತ ಮೇಲಿಡ್ತೀನಿ.

ಪಕ್ಕದ ಗೇಟ್‌ನಲ್ಲಿ ಕುದುರೆ ಮೇಲೆ ಕೂತಿರೋ ಕ್ಯಾಸ್ಟರ್, ಪೊಲಕ್ಸ್ ಪ್ರತಿಮೆಗಳಿವೆ, 19ನೇ ಶತಮಾನದ್ದು, ಅದನ್ನ ದಾಟಿದ್ರೆ ಪಲಾಝೊ ರೆಯಾಲೆ, ಅಂದ್ರೆ ಸವೋಯ್ ರಾಜರ ಅರಮನೆ. ಹೊರಗಿಂದ ಬಿಳಿಚಿಕೊಂಡಿರೋ ನೇರ ಗೋಡೆ, ಸಾಲು ಕಿಟಕಿ, ಆಫೀಸ್ ಕಟ್ಟಡ ಅಂದ್ರೂ ನಂಬಬಹುದು, ಒಳಗೆ ಹೋದ್ರೆ ಚಿನ್ನದ ನೀರಿನ ಸೀಲಿಂಗ್ ಒಂದಾದ್ಮೇಲೆ ಒಂದು. ಎಲ್ಲ ರೂಮ್ ವರ್ಣನೆ ಮಾಡಲ್ಲ, ಅರಮನೆ ರೂಮುಗಳು ಒಂದು ಹಂತ ಆದ್ಮೇಲೆ ಕಣ್ಣಿಗೆ ಒಂದೇ ಥರ ಕಾಣೋಕೆ ಶುರುವಾಗ್ತವೆ. ನನ್ನ ಮನಸ್ಸಲ್ಲಿ ಉಳಿದಿದ್ದು 1720ರ ಯುವಾರಾ ಮೆಟ್ಟಿಲು, ಅದಕ್ಕೆ ಕತ್ತರಿ ಮೆಟ್ಟಿಲು ಅಂತಾರೆ. ಇಷ್ಟು ಭಾರದ ಮೆಟ್ಟಿಲು ನಿಲ್ಲಲ್ಲ ಅಂತ ಆಗ ಆಡ್ಕೊಂಡೋರಿದ್ರಂತೆ, ಅದಕ್ಕೆ ಅಲ್ಲಿ ನಾಲಿಗೆ ಕತ್ತರಿಸೋ ಕತ್ತರಿ ಕೆತ್ತಿಸಿಟ್ಟಿದಾನೆ ಅಂತ ಹೇಳ್ತಾರೆ. ಕೆತ್ತನೆ ಈಗ್ಲೂ ಇದೆ, ಹುಡುಕಿ. ಆಯುಧಗಳ ಗ್ಯಾಲರಿ ಇದೆ, ರಾಜ ಕಾರ್ಲೊ ಅಲ್ಬೆರ್ಟೊ 1837ರಲ್ಲಿ ಜನಕ್ಕೆ ತೆರೆದಿದ್ದು, ಕುದುರೆಗಳಿಗೂ ಕವಚ ತೊಡಿಸಿ ಸಾಲಾಗಿ ನಿಲ್ಲಿಸಿದಾರೆ, ಮಕ್ಕಳ ಜೊತೆ ಹೋದ್ರೆ ಅವರು ಇಲ್ಲಿಂದ ಕದಲಲ್ಲ.

ಅರಮನೆ ಟಿಕೆಟ್‌ನಲ್ಲೇ ಪವಿತ್ರ ಶವವಸ್ತ್ರದ (ಯೇಸುವಿನ ದೇಹಕ್ಕೆ ಸುತ್ತಿದ್ದು ಅಂತ ಜನ ನಂಬೋ ಬಟ್ಟೆ) ಪ್ರಾರ್ಥನಾಮಂದಿರವೂ ಸೇರಿದೆ, ಇದನ್ನ ಎಷ್ಟೋ ಜನ ಕೊನೆಗೆ ಸುಸ್ತಾಗಿ ಬಿಟ್ಟುಬಿಡ್ತಾರೆ. ಇದೂ ಗ್ವಾರಿನಿ ಕೆಲಸ, ಅರಮನೆಗೂ ಕೆಥೆಡ್ರಲ್‌ಗೂ ಮಧ್ಯೆ ಅರಮನೆಯ ಮೊದಲ ಮಹಡಿ ಮಟ್ಟದಲ್ಲೇ ಕಟ್ಟಿದ್ದು, ಅವನು 1683ರಲ್ಲಿ ತೀರ್ಕೊಂಡ, ಮುಗಿದಿದ್ದು 1694ರಲ್ಲಿ. ಸಾನ್ ಲೊರೆಂಝೊ ಬಣ್ಣದ ಹಬ್ಬ ಆದ್ರೆ ಇದು ಪೂರ್ತಿ ಕಪ್ಪು ಬೂದು ಕಲ್ಲು. ಕೆಳಗೆ ಕಡುಕಪ್ಪು, ಮೇಲೆ ಹೋಗ್ತಾ ಹೋಗ್ತಾ ತಿಳಿ ಬಣ್ಣ, ಗುಮ್ಮಟದಲ್ಲಿ ಚಿಕ್ಕ ಚಿಕ್ಕ ಕಮಾನುಗಳು ಒಂದರ ತಲೆ ಮೇಲೆ ಇನ್ನೊಂದು ನಿಂತು ಮೇಲಕ್ಕೆ ಕಿರಿದಾಗ್ತಾ ಹೋಗ್ತವೆ, ಅದ್ರಿಂದ ನಿಜವಾದ ಎತ್ತರಕ್ಕಿಂತ ಜಾಸ್ತಿ ಎತ್ತರ ಇದೆ ಅನ್ಸತ್ತೆ. ತುದಿಯಲ್ಲಿ ಸೂರ್ಯನ ಥರ ಬೆಳಕು. ಆ ಬಟ್ಟೆ ಈಗ ಇಲ್ಲಿಲ್ಲ, ಪಕ್ಕದ ಕೆಥೆಡ್ರಲ್‌ನಲ್ಲಿದೆ, ಅದನ್ನೂ ವಿಶೇಷ ಸಂದರ್ಭದಲ್ಲಿ ಬಿಟ್ರೆ ಹೊರಗೆ ತೋರಿಸಲ್ಲ, ಹಾಗಾಗಿ ಬಟ್ಟೆ ನೋಡೋಕೆ ಅಂತ ಬರ್ಬೇಡಿ, ಕಟ್ಟಡ ನೋಡೋಕೆ ಬನ್ನಿ.

1997ರ ಏಪ್ರಿಲ್ 11ರ ರಾತ್ರಿ ಇಲ್ಲಿ ಬೆಂಕಿ ಬಿತ್ತು. ರಿಪೇರಿ ಕೆಲಸ ಮುಗಿಯೋ ಹಂತದಲ್ಲಿತ್ತು, ಇನ್ನೇನು ತೆರೀಬೇಕು ಅನ್ನೋವಾಗ. ಬಟ್ಟೆಯನ್ನ ಅಗ್ನಿಶಾಮಕದವರು ಗುಂಡು ತೂರದ ಗಾಜು ಒಡೆದು ಹೊರಗೆ ತಂದ್ರು, ಆದ್ರೆ ಕಾವಿಗೆ ಅಮೃತಶಿಲೆ ಬಿರುಕು ಬಿಟ್ಟು, ಉದುರಿ, ಗುಮ್ಮಟವೇ ಕುಸಿಯೋ ಸ್ಥಿತಿ ಬಂತು. ಆಮೇಲೆ 21 ವರ್ಷ ಮುಚ್ಚಿತ್ತು. ಆ ಕಲ್ಲು ಬೇರೆಲ್ಲೂ ಸಿಗಲ್ಲ ಅಂತ ಫ್ರಬೋಸಾದ ಹಳೇ ಗಣಿಯನ್ನೇ ಮತ್ತೆ ತೆರೆದು ಕಲ್ಲು ತೆಗೆದು ಹಾಕಿದ್ರು, 2018ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಾಗಿಲು ತೆರೀತು. ಒಂದು ಕಟ್ಟಡಕ್ಕೋಸ್ಕರ ಇಷ್ಟು ತಾಳ್ಮೆ ತೋರಿಸಿದ ಊರಿಗೆ ಕೈ ಮುಗೀಬೇಕು ಅನ್ಸತ್ತೆ. ಬೆಂಕಿ ಬಿದ್ದ ಅದೇ 1997ರ ಕೊನೆಗೇ ಸವೋಯ್ ವಂಶದ ಅರಮನೆಗಳನ್ನ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಮುಂಭಾಗ ಒಂದು ಒಳಗೆ ಇನ್ನೊಂದು ಅನ್ನೋದಕ್ಕೆ ಇನ್ನೂ ಜೋರಾದ ಉದಾಹರಣೆ ಬೇಕಾ, ತೆಯಾತ್ರೊ ರೆಜೊ ನೋಡಿ. ಚೌಕದ ಕಡೆಗೆ ಅದೇ ಹಳೇ ಸಾಲು ಕಮಾನು, 1740ರಲ್ಲಿ ಬೆನೆದೆತ್ತೊ ಅಲ್ಫಿಯೆರಿ ಕಟ್ಟಿದ ಒಪೆರಾ ಥಿಯೇಟರ್. ಪುಚ್ಚಿನಿಯ ಲಾ ಬೊಯೆಮ್ ಒಪೆರಾ ಮೊದಲ ಸಲ ಆಡಿದ್ದು ಇಲ್ಲೇ, 1896ರ ಫೆಬ್ರವರಿ 1ಕ್ಕೆ, ವಾದ್ಯವೃಂದ ತೊಸ್ಕನಿನಿ ನಡೆಸಿಕೊಟ್ಟಿದ್ದು. 1936ರಲ್ಲಿ ಬೆಂಕಿಗೆ ಸುಟ್ಟುಹೋಗಿ ಮುಂಭಾಗ ಮಾತ್ರ ಉಳೀತು. ಮೂವತ್ತೇಳು ವರ್ಷ ಆದ್ಮೇಲೆ 1973ರಲ್ಲಿ ತೆರೆದ ಹೊಸ ಥಿಯೇಟರ್ ಕಾರ್ಲೊ ಮೊಲ್ಲಿನೊ ವಿನ್ಯಾಸ, ಒಳಗೆ ಕಡುಗೆಂಪು, ಗೋಡೆ ಸೀಲಿಂಗ್ ಎಲ್ಲಾ ವಕ್ರ, ಸೀಲಿಂಗ್‌ನಿಂದ ಸಾವಿರಾರು ತೆಳ್ಳನೆ ಕಡ್ಡಿಗಳು ಇಳಿಬಿದ್ದಿವೆ. ಹಳೇದರ ನಕಲು ಮಾಡದೆ ತಮ್ಮ ಕಾಲದ್ದನ್ನ ಧೈರ್ಯವಾಗಿ ಕಟ್ಟಿದಾರೆ, ಹೊರಗಿನ ಸಾಲನ್ನ ಮಾತ್ರ ಮುಟ್ಟಿಲ್ಲ. ನನಗೆ ಇದು ಸರಿಯಾದ ದಾರಿ ಅನ್ಸತ್ತೆ. ಅದೇ ಚೌಕದಲ್ಲಿ 1934ರ ತೊರ್ರೆ ಲಿತ್ತೊರಿಯಾ ಅನ್ನೋ 87 ಮೀಟರ್ ಇಟ್ಟಿಗೆ ಗಾಜಿನ ಗೋಪುರ ನಿಂತಿದೆ ನೋಡಿ, ಫ್ಯಾಸಿಸ್ಟ್ ಕಾಲದ್ದು, ಸಾಲು ಮುರಿದು ಮೇಲೆದ್ದಿದೆ, ನಾನೂರು ವರ್ಷದ ಹೊಂದಾಣಿಕೆಗೆ ಬೆಲೆ ಕೊಡದೇ ಇರೋ ಒಂದೇ ಕಟ್ಟಡ ಅದು, ನನಗೆ ಇಷ್ಟ ಆಗ್ಲಿಲ್ಲ.

ಪಲಾಝೊ ಮದಾಮಾ ಮುಂದೆ ಬಾವುಟ ಹಿಡಿದ ಸೈನಿಕನ ಪ್ರತಿಮೆ ಇದೆ, ವಿಂಚೆಂಝೊ ವೇಲಾ ಮಾಡಿದ್ದು. ಮಿಲಾನ್ ಇನ್ನೂ ಆಸ್ಟ್ರಿಯಾ ಕೈಯಲ್ಲಿದ್ದಾಗ 1857ರಲ್ಲಿ ಮಿಲಾನ್ ಜನ ಸಾರ್ಡೀನಿಯಾ (ಆಗ ಸವೋಯ್ ರಾಜರ ರಾಜ್ಯದ ಹೆಸರು) ಸೈನ್ಯಕ್ಕೆ ಕೊಟ್ಟ ಕಾಣಿಕೆ ಅದು. ಅಷ್ಟು ತಿಳ್ಕೊಂಡು ಕೆಳಗಿನ ಬರಹ ನೋಡಿದ್ರೆ ಮೈ ಜುಮ್ ಅನ್ನತ್ತೆ.

ಚೌಕದಿಂದ ಎರಡು ನಿಮಿಷ ನಡೆದ್ರೆ ಪಲಾಝೊ ಕರಿನ್ಯಾನೊ, ಇದನ್ನೂ ಈ ರಿವ್ಯೂಗೇ ಸೇರಿಸ್ತೀನಿ. 1679ರಲ್ಲಿ ಶುರು, ಮತ್ತೆ ಗ್ವಾರಿನಿ. ಇಲ್ಲಿ ಮಾತ್ರ ಅವನಿಗೆ ಮುಂಭಾಗ ಮಾಡೋಕೆ ಬಿಟ್ಟಿದಾರೆ, ಏನು ಮಾಡಿದಾನೆ ನೋಡಿ, ಬರೀ ಸುಟ್ಟ ಇಟ್ಟಿಗೆಯಲ್ಲಿ ಇಡೀ ಗೋಡೆಯನ್ನ ಒಳಗೆ ಹೊರಗೆ ಬಳುಕಿಸಿದಾನೆ, ಕಲ್ಲೂ ಬೇಕಿಲ್ಲ, ಬಣ್ಣವೂ ಬೇಕಿಲ್ಲ. ಕಿಟಕಿ ಸುತ್ತ ಹತ್ತಿರ ಹೋಗಿ ನೋಡಿ, ಗರಿ ತೊಟ್ಟ ಅಮೆರಿಕದ ಮೂಲನಿವಾಸಿಗಳ ಅಲಂಕಾರ ಇದೆ, ಕರಿನ್ಯಾನೊ ಹೆಸರಿನ ಸೈನ್ಯದ ತುಕಡಿ ಕೆನಡಾಕ್ಕೆ ಹೋಗಿ ಇರೊಕ್ವಾ ಜನರ ಜೊತೆ ಯುದ್ಧ ಮಾಡಿದ್ದರ ನೆನಪಿಗೆ ಮಾಡಿದ್ದು. ಇಟಲಿಯ ಮೊದಲ ರಾಜ ಎರಡನೇ ವಿತ್ತೋರಿಯೊ ಎಮಾನ್ಯುಯೆಲೆ 1820ರಲ್ಲಿ ಹುಟ್ಟಿದ್ದು ಇದೇ ಮನೇಲಿ, 1848ರಿಂದ ಸವೋಯ್ ರಾಜ್ಯದ ಪಾರ್ಲಿಮೆಂಟ್‌ನ ಕೆಳಮನೆ ಕೂತಿದ್ದೂ ಇಲ್ಲೇ, ಆ ಸಭಾಂಗಣ ಹಾಗೇ ಉಳಿಸಿದಾರೆ, ಮ್ಯೂಸಿಯಂ ಒಳಗಿಂದ ನೋಡಬಹುದು. ಹಿಂದಿನ ಬಿಳಿ ಮುಖ 19ನೇ ಶತಮಾನದಲ್ಲಿ ಸೇರಿಸಿದ್ದು, ದೊಡ್ಡದಾಗಿದೆ, ಆದ್ರೆ ಮುಂದಿನ ಇಟ್ಟಿಗೆ ಎದುರು ನಿಲ್ಲಲ್ಲ.

ಈಗ ಕೊರತೆಗಳು. ಅರಮನೆ ಒಳಗೆ ಕೆಲವು ಕಡೆ ವಿವರಣೆ ಫಲಕ ತೀರಾ ಚಿಕ್ಕದು, ಯಾವ ರೂಮ್ ಯಾವ ಕಾಲದ್ದು ಅಂತ ಹೊಸಬರಿಗೆ ಗೊತ್ತಾಗಲ್ಲ, ಸ್ವಲ್ಪ ಓದ್ಕೊಂಡೇ ಹೋಗಿ. ಪಲಾಝೊ ಮದಾಮಾ ನಗರದ ಮ್ಯೂಸಿಯಂ, ಅರಮನೆ ಸರ್ಕಾರದ್ದು, ಟಿಕೆಟ್ ಬೇರೆ ಬೇರೆ, ವಾರದ ರಜೆಯೂ ಬೇರೆ ಬೇರೆ, ಹಾಗಾಗಿ ಹೋಗೋ ಮುಂಚೆ ಎರಡರದ್ದೂ ವೆಬ್‌ಸೈಟ್ ನೋಡ್ಕೊಳ್ಳಿ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳು ಫ್ರೀ, ಅವತ್ತು ಅರಮನೆಯಲ್ಲಿ ರಶ್ ಜಾಸ್ತಿ, ಶವವಸ್ತ್ರದ ಮಂದಿರದಲ್ಲಿ ನಿಂತು ನೋಡೋಕೆ ಬಿಡುವೇ ಸಿಗಲ್ಲ, ದುಡ್ಡು ಕೊಟ್ಟಾದ್ರೂ ವಾರದ ದಿನ ಹೋಗೋದು ಒಳ್ಳೇದು. ಹೆಚ್ಚು ಮ್ಯೂಸಿಯಂ ನೋಡೋರಿಗೆ ಟೊರಿನೊ ಪಿಯೆಮೊಂತೆ ಕಾರ್ಡ್ ಲಾಭ.

ಮಳೆ ಬಂದ್ರೂ ಪ್ರೋಗ್ರಾಂ ಕ್ಯಾನ್ಸಲ್ ಮಾಡ್ಬೇಡಿ, ಪಡಸಾಲೆ ಕೆಳಗೇನೇ ಚೌಕದಿಂದ ವಿಯಾ ಪೊ ಉದ್ದಕ್ಕೂ ನದಿ ಹತ್ರದ ತನಕ ನಡೀಬಹುದು. ಕಾಫಿ ಕುಡಿಯೋದಾದ್ರೆ ಪಡಸಾಲೆಯಲ್ಲೇ ಇರೋ ಮುಲಸ್ಸಾನೊ ಅಥವಾ ಬರಾತ್ತಿ ಎ ಮಿಲಾನೊಗೆ ಹೋಗಿ, ಎರಡೂ ಹಳೇ ಕೆಫೆ, ಒಳಗಿನ ಮರದ ಕೆಲಸ, ಅಮೃತಶಿಲೆ ನೋಡೋಕೇ ಹೋಗ್ಬೇಕು, ಕೌಂಟರ್ ಮುಂದೆ ನಿಂತು ಕುಡಿದ್ರೆ ಟೇಬಲ್‌ಗಿಂತ ಕಮ್ಮಿ ರೇಟು. ಬೆಳಗ್ಗೆ ಅರಮನೆ, ಮಂದಿರ, ಆಮೇಲೆ ಊಟ, ಮಧ್ಯಾಹ್ನ ಬಿಸಿಲು ಇಳಿಯೋ ಹೊತ್ತಿಗೆ ಪಲಾಝೊ ಮದಾಮಾ ಮೆಟ್ಟಿಲು, ಹೀಗೆ ಇಟ್ಕೊಂಡ್ರೆ ಸುಸ್ತಾಗಲ್ಲ. ಸಾನ್ ಲೊರೆಂಝೊ ಮಧ್ಯಾಹ್ನ ಸ್ವಲ್ಪ ಹೊತ್ತು ಮುಚ್ಚಿರಬಹುದು, ಹಾಗಾಗಿ ಅದನ್ನ ಬೆಳಗ್ಗೆ ಎಲ್ಲಕ್ಕಿಂತ ಮೊದ್ಲೇ ನೋಡಿಬಿಡಿ, ರೆಜೊ ಒಳಗೆ ನೋಡೋಕೆ ಗೈಡೆಡ್ ಟೂರ್ ಯಾವ ದಿನ ಇದೆ ಅಂತ ಕೇಳ್ಕೊಂಡು ಅದಕ್ಕೆ ಹೊಂದಿಸ್ಕೊಂಡೇ ಊರಿಗೆ ಬರೋ ದಿನ ಫಿಕ್ಸ್ ಮಾಡಿ.